ಒಂದು ಗಂಟೆ ಬಾಗಿಲು ಹಾಕಿಕೊಳ್ಳೋಕೆ ಬಿಡಿ

ಹಾಸನದ ಓದುಗರೊಬ್ಬರ ಪತ್ರ ಈ ವಾರ ನನ್ನ ಮುಂದಿದೆ. ವಯಸ್ಸು 49. ಒಂದೇ ವರ್ಷದಲ್ಲಿ ಮಗಳು ಮದುವೆಯಾಗಿ ಪುಣೆಗೆ ಹೋದಳು, ಯಜಮಾನರು ನಿವೃತ್ತರಾಗಿ ಮನೆಯಲ್ಲೇ ಉಳಿದರು. ಈಗ ಬೆಳಗಿನ ಜಾವ ಮೂರಕ್ಕೇ ಎಚ್ಚರ. ಎದೆ ಡವಡವ. ಮಗಳು ಒಂದು ಸಲ ಫೋನ್ ಎತ್ತದಿದ್ದರೆ ಕೈಕಾಲು ತಣ್ಣಗಾಗುತ್ತದಂತೆ. ಇಸಿಜಿ, ಥೈರಾಯ್ಡ್, ಬಿ.ಪಿ. ಎಲ್ಲ ನಾರ್ಮಲ್. ಡಾಕ್ಟರೇ "ಯಾರಾದ್ರೂ ಕೌನ್ಸೆಲರ್ ಹತ್ರ ಮಾತಾಡಿ, ಈಗ ಫೋನಲ್ಲೇ ಸಿಗ್ತಾರೆ" ಅಂದಿದ್ದಾರೆ. ಇವರು ಒಪ್ಪಿಯೂ ಇದ್ದಾರೆ. ಆದರೆ ಅವರ ಪ್ರಶ್ನೆಯೇ ಬೇರೆ: "ಮನೇಲಿ ಇರೋದು ಎರಡು ರೂಮು. ಒಂದ್ರಲ್ಲಿ ಅತ್ತೆ, ಇನ್ನೊಂದ್ರಲ್ಲಿ ಇವರು. ಹಾಲ್‌ನಲ್ಲಿ ಟಿ.ವಿ. ನಾನು ಎಲ್ಲಿ ಕೂತು ಮಾತಾಡ್ಲಿ?"

ಚಿಕ್ಕ ಪ್ರಶ್ನೆ ಅನ್ನಿಸಬಹುದು. ಆದರೆ ಇದಕ್ಕೆ ಉತ್ತರ ಸಿಗದೆ ಎಷ್ಟೋ ಜನ ಸುಮ್ಮನಾಗಿಬಿಡುತ್ತಾರೆ.

ಆನ್‌ಲೈನ್ ಆಪ್ತಸಮಾಲೋಚನೆಯಿಂದ ಅನುಕೂಲ ಆಗಿದೆ, ಇಲ್ಲ ಅನ್ನೋ ಹಾಗಿಲ್ಲ. ತಾಲ್ಲೂಕಿನಲ್ಲಿ ಇರುವವರು ಬೆಂಗಳೂರಿಗೆ ಬಸ್ ಹತ್ತಬೇಕಿಲ್ಲ. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಾಗ ಪರಿಚಯದವರು ಯಾರಾದರೂ ನೋಡಿ "ಏನು, ಇಲ್ಲಿ?" ಅಂತ ಕೇಳುವ ಭಯವಿಲ್ಲ. ಆತಂಕಕ್ಕೆ, ತೀರಾ ಹೆಚ್ಚಲ್ಲದ ಖಿನ್ನತೆಗೆ, ತರಬೇತಿ ಪಡೆದವರು ವಿಡಿಯೋದಲ್ಲಿ ಕೊಡುವ ಚಿಕಿತ್ಸೆ ಎದುರು ಕೂತು ಕೊಡುವಷ್ಟೇ ಉಪಯೋಗಕ್ಕೆ ಬರುತ್ತದೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ. ದೂರದ ದೇಶದಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. "ಹೊಟ್ಟೇಲಿ ಸಂಕಟ", "ಜೀವಕ್ಕೆ ನೆಮ್ಮದಿ ಇಲ್ಲ" ಅಂದರೆ ಏನು ಅಂತ ಅವರಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕಿಲ್ಲ.

ಆದರೆ ಕ್ಲಿನಿಕ್ಕಿನಲ್ಲಿ ಒಂದು ವಸ್ತು ಇತ್ತು. ಬಾಗಿಲು. ಒಳಗೆ ಹೋದ ಮೇಲೆ ಅದು ಮುಚ್ಚುತ್ತಿತ್ತು. ಆನ್‌ಲೈನ್‌ನಲ್ಲಿ ಆ ಬಾಗಿಲನ್ನು ನಾವೇ ಒದಗಿಸಿಕೊಳ್ಳಬೇಕು, ಅದೂ ಯಾರ ಬಗ್ಗೆ ಮಾತಾಡಬೇಕೋ ಅವರೇ ಗೋಡೆಯ ಆಚೆ ಇರುವ ಮನೆಯಲ್ಲಿ! ಅತ್ತೆ ಕೇಳಿಸಿಕೊಳ್ಳುತ್ತಾರೆ ಅಂತ ಗೊತ್ತಿದ್ದರೆ ಬಾಯಿಂದ ಬರುವುದು "ಪರವಾಗಿಲ್ಲ", "ಎಲ್ಲಾ ಚೆನ್ನಾಗಿದ್ದಾರೆ" ಇಷ್ಟೇ. ಮುಕ್ಕಾಲು ಗಂಟೆ ಹೀಗೇ ಕಳೆದು, ಕೊನೆಗೆ "ಇದರಿಂದ ಏನೂ ಪ್ರಯೋಜನ ಇಲ್ಲ" ಅಂತ ಬಿಟ್ಟುಬಿಡುತ್ತೇವೆ. ಚಿಕಿತ್ಸೆ ಸೋತಿದ್ದಲ್ಲ ಅದು. ಶುರುವೇ ಆಗಿರಲಿಲ್ಲ.

ಹಾಗಾದರೆ ಎಲ್ಲಿ ಕೂರೋದು? ಮಾಳಿಗೆ ಇದ್ದರೆ ಸಂಜೆ ಅಲ್ಲಿ. ನಿಲ್ಲಿಸಿದ ಕಾರಿನಲ್ಲಿ. ಪಾರ್ಕಿನ ಮೂಲೆಯ ಬೆಂಚಿನಲ್ಲಿ. ಕೆಲಸಕ್ಕೆ ಹೋಗುವ ಗೆಳತಿಯ ಖಾಲಿ ಮನೆಯಲ್ಲಿ. ಅತ್ತೆ ಮಧ್ಯಾಹ್ನ ಮಲಗುವ, ಯಜಮಾನರು ಬ್ಯಾಂಕಿಗೋ ಲೈಬ್ರರಿಗೋ ಹೋಗುವ ಸಮಯ ನೋಡಿ ವೇಳೆ ಕೇಳಿಕೊಳ್ಳಿ. ಇಯರ್‌ಫೋನ್ ಹಾಕಿಕೊಂಡರೆ ಆ ಕಡೆಯ ಪ್ರಶ್ನೆ ಹೊರಗೆ ಕೇಳಿಸುವುದಿಲ್ಲ, ಅರ್ಧ ಗುಟ್ಟು ಅಲ್ಲಿಗೆ ಉಳಿಯಿತು. ವಿಡಿಯೋ ಬೇಡವಾದರೆ ಬರೀ ಧ್ವನಿ ಸಾಕು ಅನ್ನಿ. ಮೊದಲ ದಿನವೇ "ಮನೇಲಿ ಜನ ಇದ್ದಾರೆ, ನಾನು ದಿಢೀರಂತ ಅಡುಗೆ ವಿಷಯ ಮಾತಾಡಿದ್ರೆ ಯಾರೋ ಬಂದ್ರು ಅಂತ ತಿಳ್ಕೊಳ್ಳಿ" ಅಂತ ಹೇಳಿಡಿ. ಅನುಭವ ಇರುವ ಸಮಾಲೋಚಕರಿಗೆ ಇದು ಹೊಸದಲ್ಲ.

ಯಾರ ಹತ್ತಿರ ಮಾತಾಡುತ್ತೇವೆ ಅನ್ನುವುದನ್ನೂ ಕೇಳಿ ತಿಳಿದುಕೊಳ್ಳಬೇಕು. ಇದರಲ್ಲಿ ಸಂಕೋಚ ಬೇಡ. ಸೀರೆ ಕೊಳ್ಳುವಾಗ ಅಂಚು, ಸೆರಗು ಎಲ್ಲ ತಿರುಗಿಸಿ ನೋಡುತ್ತೇವೆ, ಅಲ್ವಾ? ಮನೋವೈದ್ಯರು ಎಂದರೆ ಎಂ.ಬಿ.ಬಿ.ಎಸ್. ಓದಿ ಮುಂದೆ ಮನೋರೋಗಶಾಸ್ತ್ರ ಓದಿದವರು. ಮಾತ್ರೆ ಬರೆಯುವುದು ಅವರ ಕೆಲಸ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಆಗಿರಬೇಕು. ನಂಬರ್ ಕೇಳಬಹುದು. ಬರೀ "ಕೌನ್ಸೆಲರ್", "ಲೈಫ್ ಕೋಚ್" ಅಂತ ಬೋರ್ಡು ಹಾಕಿಕೊಂಡವರಾದರೆ ಏನು ಓದಿದ್ದಾರೆ, ಎಲ್ಲಿ ಕೆಲಸ ಮಾಡಿದ್ದಾರೆ ಅಂತ ವಿಚಾರಿಸಿ. ಫೀಸು ಎಷ್ಟು, ಒಂದು ಸಲಕ್ಕೆ ಎಷ್ಟು ಹೊತ್ತು, ಹೇಳಿದ್ದು ಯಾರ ಕಿವಿಗೆ ಹೋಗುತ್ತದೆ, ಇದನ್ನೂ ಮೊದಲೇ ಕೇಳಿ. ಗೋಪ್ಯತೆ ಅವರು ಮಾಡುವ ಉಪಕಾರವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಚಿಕಿತ್ಸೆ ಪಡೆಯುವವರಿಗೆ ಇರುವ ಹಕ್ಕು ಅದು. ಜೀವಕ್ಕೆ ಅಪಾಯ ಇದ್ದಾಗಿನಂಥ ಕೆಲವೇ ಸಂದರ್ಭದಲ್ಲಿ ಅದಕ್ಕೆ ವಿನಾಯಿತಿ. ಇಪ್ಪತ್ತು ಸೆಷನ್ನಿನ ದುಡ್ಡು ಇವತ್ತೇ ಕಟ್ಟಿ ಅನ್ನುವವರಿಂದ ದೂರ ಇರಿ.

ದುಡ್ಡೇ ಅಡ್ಡಿಯಾದರೆ ಟೆಲಿ-ಮನಸ್ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ. ಇದಕ್ಕೆ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಫೋನಿನಿಂದ 14416 ಒತ್ತಿ, ಕನ್ನಡ ಆರಿಸಿಕೊಂಡರೆ ತರಬೇತಿ ಪಡೆದ ಸಮಾಲೋಚಕರು ಸಿಗುತ್ತಾರೆ. ಬೇಕಾದರೆ ಮುಂದಿನ ತಜ್ಞರಿಗೆ ಜೋಡಿಸುತ್ತಾರೆ. ದಿನದ 24 ಗಂಟೆಯೂ ಉಚಿತ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವವರಿಗೆ ಇದು ಸಣ್ಣ ಮಾತಲ್ಲ.

ಫೋನಿನಲ್ಲಿ ಎಲ್ಲವೂ ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಸಾಯಬೇಕು ಅನ್ನೋ ಯೋಚನೆ ಬರುತ್ತಿದ್ದರೆ, ಇಲ್ಲದ ಧ್ವನಿ ಕೇಳಿಸುತ್ತಿದ್ದರೆ, ಬಾಣಂತಿ ಊಟ ನಿದ್ದೆ ಬಿಟ್ಟು ಮಗುವಿನ ಕಡೆ ನೋಡುವುದನ್ನೇ ನಿಲ್ಲಿಸಿದ್ದರೆ, ಮುಂದಿನ ವಾರದ ವೇಳೆಗೆ ಕಾಯಬೇಡಿ. ಅವತ್ತೇ ಯಾರಾದರೂ ಜೊತೆಗೆ ಹೋಗಿ ಆಸ್ಪತ್ರೆಗೆ ತೋರಿಸಿ. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗ ಇರುತ್ತದೆ. ಮನೆಯಲ್ಲಿ ಹೊಡೆತ ಬಡಿತ ಇದ್ದು, ಫೋನನ್ನೂ ಅವರೇ ತೆಗೆದು ನೋಡುವವರಾದರೆ ಮನೆಯಿಂದ ವಿಡಿಯೋ ಕಾಲ್ ಮಾಡುವುದೇ ಅಪಾಯ. ಅಂಥವರು ಹೊರಗಿದ್ದಾಗ, ಬೇರೆಯವರ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಮಾತಾಡಬಹುದು. ತುರ್ತಾದರೆ 112.

ಇನ್ನು ಮನೆಯವರಿಗೆ ಎರಡು ಮಾತು. ಈ ಅಂಕಣ ಓದುವ ಅತ್ತೆಯಂದಿರೂ ಇದ್ದಾರೆ, ಹೆಂಡತಿಯ ಫೋನಿನಲ್ಲಿ ಕದ್ದು ಓದುವ ಗಂಡಂದಿರೂ ಇದ್ದಾರೆ ಅಂತ ನನಗೆ ಗೊತ್ತು. ಸೊಸೆ ಬಾಗಿಲು ಹಾಕಿಕೊಂಡು ಯಾರ ಹತ್ತಿರವೋ ಮಾತಾಡುತ್ತಿದ್ದರೆ ನಿಮಗೆ ಅನುಮಾನ ಬರುವುದು ಸಹಜ. "ನಮ್ಮ ಮನೆ ಮರ್ಯಾದೆ ಬೀದಿಗೆ ಹಾಕ್ತಾಳೆ" ಅನ್ನಿಸುತ್ತದೆ. "ನಮ್ಮ ಹತ್ರಾನೇ ಹೇಳ್ಕೋಬಾರದಾ?" ಅಂತ ನೋವೂ ಆಗುತ್ತದೆ. ಹಲ್ಲು ನೋವಿಗೆ ದಂತವೈದ್ಯರ ಹತ್ತಿರ ಹೋದರೆ ನಾವು ಹೀಗೆ ಕೇಳುವುದಿಲ್ಲ. ಮನೆಯವರ ಪ್ರೀತಿಯ ಕೆಲಸ ಒಂದು, ಓದಿ ಕಲಿತವರ ಕೆಲಸ ಇನ್ನೊಂದು. ನಿಮ್ಮ ಹತ್ತಿರ ಹೇಳಿದರೆ ನಿಮಗೆ ನೋವಾದೀತು ಅಂತಲೇ ಎಷ್ಟೋ ಮಾತು ಒಳಗೆ ಉಳಿದಿರುತ್ತವೆ. ಹೊರಗಿನವರ ಮುಂದೆ ಅದು ಇಳಿದರೆ ನಿಮ್ಮ ಜೊತೆ ಮಾತಾಡುವುದೂ ಹಗುರವಾಗುತ್ತದೆ.

ನೀವು ಮಾಡಬೇಕಾದದ್ದು ಬಹಳ ಇಲ್ಲ. ವಾರಕ್ಕೊಂದು ಗಂಟೆ ಟಿ.ವಿ. ಸೌಂಡು ಸ್ವಲ್ಪ ಜಾಸ್ತಿ ಇಡಿ. ಕುಕ್ಕರ್ ಕೂಗಿದರೆ ನೀವೇ ಎದ್ದು ಆರಿಸಿ. ಅವರು ಹೊರಗೆ ಬಂದಾಗ ಕಣ್ಣು ಕೆಂಪಗಿದ್ದರೆ "ಏನ್ ಹೇಳಿದ್ರು? ನನ್ನ ಬಗ್ಗೆ ಏನಂದೆ?" ಅಂತ ಕೇಳಬೇಡಿ. "ಕಾಫಿ ಕುಡೀತೀಯಾ?" ಅಂತ ಕೇಳಿ, ಸಾಕು.