ಸೂರಿನೊಳಗಿನ ದೋಷಕ್ಕೆ ಹೊಣೆ ಯಾರು?

ಮಳೆಗಾಲಕ್ಕೆ ಮುನ್ನ ಮಾಡಿನ ಹೆಂಚುಗಳನ್ನು ಸರಿಪಡಿಸಿಕೊಳ್ಳುವುದು ಮಲೆನಾಡಿನ ವಾಡಿಕೆ. ಒಡೆದ ಹೆಂಚು ಕಣ್ಣಿಗೆ ಕಾಣುತ್ತದೆ. ಅದನ್ನು ತೆಗೆದು ಇನ್ನೊಂದನ್ನು ಹೊದಿಸಿದರೆ ಸೋರಿಕೆ ನಿಲ್ಲುತ್ತದೆ. ಆದರೆ ದೋಷವು ಸೂರಿನ ಒಡಲಲ್ಲೇ ಅಡಗಿದ್ದರೆ? ಆ ಮನೆಯನ್ನು ಕಟ್ಟಿ ಮಾರಿದ್ದು ಆಡಳಿತವೇ ಆಗಿದ್ದರೆ? ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಮನೆಯೊಡೆಯರು ಎತ್ತಿರುವ ಪ್ರಶ್ನೆ ಇದೇ.

ಆ ನಗರದ ಟೋರಿ ಪ್ರದೇಶದ ಬಾಲ್ನಗಾಸ್ಕ್ ಬಡಾವಣೆಯಲ್ಲಿ ಸುಮಾರು 500 ಮನೆಗಳ ಛಾವಣಿಗೆ ‘ರಾಕ್’ ಎಂಬ ಹಗುರ ಕಾಂಕ್ರೀಟಿನ ಹಲಗೆಗಳನ್ನು ಬಳಸಲಾಗಿದೆ. ಕಾಂಕ್ರೀಟಿನ ಮಿಶ್ರಣಕ್ಕೆ ಅಲ್ಯೂಮಿನಿಯಂ ಪುಡಿ ಸೇರಿಸಿದರೆ ಅನಿಲ ಹೊಮ್ಮಿ, ದೋಸೆಹಿಟ್ಟಿನಂತೆ ಒಳಗೆಲ್ಲ ಗುಳ್ಳೆಗಳೇಳುತ್ತವೆ. ಅದನ್ನು ಒತ್ತಡದ ಹಬೆಯಲ್ಲಿ ಗಟ್ಟಿಗೊಳಿಸುತ್ತಾರೆ. ಹಲಗೆ ಹಗುರ, ಅಗ್ಗ; ಆದರೆ ಬಲ ಕಡಿಮೆ. ನೀರು ಒಳಹೊಕ್ಕರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಹೆಚ್ಚಿನ ಮುನ್ಸೂಚನೆಯಿಲ್ಲದೆ ಹಲಗೆ ಕುಸಿಯಬಹುದು. 2018ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಶಾಲೆಯೊಂದರ ಇಂಥ ಛಾವಣಿ ಕುಸಿಯಿತು. ಅಂದು ರಜೆಯಿದ್ದುದರಿಂದ ಮಕ್ಕಳು ಉಳಿದರು. 2023ರಲ್ಲಿ ನೂರಕ್ಕೂ ಹೆಚ್ಚು ಶಾಲೆಗಳ ಕಟ್ಟಡಗಳನ್ನು ತರಗತಿಗಳ ಆರಂಭಕ್ಕೆ ಕೆಲವೇ ದಿನ ಮೊದಲು ಮುಚ್ಚಿಸಬೇಕಾಯಿತು.

ಬಾಲ್ನಗಾಸ್ಕ್‌ನ ಮನೆಗಳು ಮೂಲತಃ ನಗರಾಡಳಿತದ ಬಾಡಿಗೆ ಮನೆಗಳು. 1980ರ ಕಾಯಿದೆಯು ಬಾಡಿಗೆದಾರರಿಗೆ ತಾವಿದ್ದ ಮನೆಯನ್ನು ಕೊಳ್ಳುವ ಹಕ್ಕು ನೀಡಿತು. ಅನೇಕರು ಸಾಲ ಮಾಡಿ ಕೊಂಡರು. ಅವರಿಂದ ಮತ್ತೆ ಬೇರೆಯವರು ಕೊಂಡರು. 2024ರ ಆಗಸ್ಟ್‌ನಲ್ಲಿ ನಗರಾಡಳಿತವು ಈ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟಲು ತೀರ್ಮಾನಿಸಿತು. ನೂರಕ್ಕೂ ಹೆಚ್ಚು ಖಾಸಗಿ ಮನೆಗಳಿಗೆ ಅದು ಆಗ ಮುಂದಿಟ್ಟದ್ದು ಛಾವಣಿಯ ದೋಷವನ್ನು ಲೆಕ್ಕಕ್ಕೆ ಹಿಡಿದ ಮಾರುಕಟ್ಟೆ ಬೆಲೆ. ಅಂದರೆ ಮಾರಿದವರ ಸರಕಿನ ದೋಷಕ್ಕೆ ಕೊಂಡವರ ಬೆಲೆಯಲ್ಲಿ ಕಡಿತ! ಮನೆ ಹೋದರೂ ಸಾಲ ಉಳಿಯುವ ಸ್ಥಿತಿ ಅದಾಗಿತ್ತು. ದುರಸ್ತಿ ಒಡೆಯರ ಹೊಣೆ ಎಂಬ ನಗರಾಡಳಿತದ ವಾದಕ್ಕೆ ಕಾನೂನಿನ ಬಲವಿರಬಹುದು. ಆದರೆ ಮಾಡಿನೊಳಗೆ ಏನಿದೆಯೆಂದು ಕೊಂಡವರಿಗೆ ತಿಳಿಯುವ ದಾರಿಯಿತ್ತೇ? ವಿಶೇಷ ನಿಧಿಗಾಗಿ ಎಡಿನ್‌ಬರೋ ಸರ್ಕಾರವು ಲಂಡನ್ನಿನತ್ತ ಕೈ ತೋರಿದರೆ, ವಸತಿ ನಿಮ್ಮ ಅಧಿಕಾರದ ವಿಷಯವೆಂದು ಲಂಡನ್ ಹೇಳಿತು.

ಇನ್ನೊಂದು ಬಗೆಯ ಲೆಕ್ಕಾಚಾರವೂ ಸಾಧ್ಯವೆಂಬುದಕ್ಕೆ ಆಸ್ಟ್ರೇಲಿಯದ ಕ್ಯಾನ್ಬೆರಾ ಸಾಕ್ಷಿ. ಅಲ್ಲಿ 1968ರಿಂದ 1979ರವರೆಗೆ ಗುತ್ತಿಗೆದಾರನೊಬ್ಬ ಸುಮಾರು ಸಾವಿರ ಮನೆಗಳ ಮಾಡಿನೊಳಗೆ ಶಾಖ ತಡೆಯಲೆಂದು ಸಡಿಲ ಕಲ್ನಾರನ್ನು ತುಂಬಿದ್ದ. ಸರ್ಕಾರ ಒಮ್ಮೆ ಶುಚಿಗೊಳಿಸಿದ ಮೇಲೂ ಎಳೆಗಳು ಗೋಡೆಗಳೊಳಗೆ ಉಳಿದಿದ್ದವು. 2014ರಲ್ಲಿ ಅಲ್ಲಿನ ಸರ್ಕಾರವು ನೂರು ಕೋಟಿ ಡಾಲರ್ ಕೇಂದ್ರದ ಸಾಲ ಪಡೆದು ಆ ಮನೆಗಳನ್ನು ಕೊಳ್ಳಲು ಮುಂದಾಯಿತು. ಬೆಲೆ ಕಟ್ಟಿದ್ದು ಕಲ್ನಾರು ಇಲ್ಲವೆಂದೇ ಭಾವಿಸಿ! ಮನೆ ತೊರೆದವರ ದುಃಖವನ್ನು ಅದು ನೀಗಲಿಲ್ಲ, ಆದರೆ ದೋಷದ ದಂಡವನ್ನು ಅವರ ತಲೆಗೆ ಕಟ್ಟಲಿಲ್ಲ. ಪರಿಹಾರದ ಮೊತ್ತಕ್ಕಿಂತ ಅದನ್ನು ಅಳೆಯುವ ಕೋಲು ಮುಖ್ಯ.

ಈ ಪಾಠ ಮಲೆನಾಡಿಗೂ ಸಲ್ಲುತ್ತದೆ. ಹೆಂಚು ಇಳಿದು ಸಿಮೆಂಟ್ ಶೀಟು ಏರಿದ ಮನೆ, ಕೊಟ್ಟಿಗೆಗಳು ಇಲ್ಲಿಯೂ ಇವೆ. ಇಂಥ ಅನೇಕ ಶೀಟುಗಳಲ್ಲಿರುವುದು ಬಿಳಿ ಕಲ್ನಾರು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲ್ನಾರಿನ ಕಾರ್ಮಿಕರ ಆರೋಗ್ಯದ ಹಕ್ಕನ್ನು ಎತ್ತಿಹಿಡಿಯಿತು. ಶೀಟಿನಡಿ ಬಾಳುವವರ ಪ್ರಶ್ನೆ ಉಳಿದೇ ಇದೆ. ಇಡಿಯಾಗಿರುವ ಶೀಟಿನಿಂದ ಅಪಾಯ ಕಡಿಮೆ. ಕೊಯ್ದಾಗ, ಕೊರೆದಾಗ, ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಮಾರಕ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಯುಕ್ತ ಸರಕಿಗೆ ತಯಾರಕನನ್ನೂ ಮಾರಾಟಗಾರನನ್ನೂ ಹೊಣೆಯಾಗಿಸಬಲ್ಲದು. ಸಾಮಾನ್ಯವಾಗಿ ಎರಡು ವರ್ಷಗಳೊಳಗೆ ದೂರು ಕೊಡಬೇಕು, ಕೊಂಡದ್ದಕ್ಕೆ ರುಜುವಾತು ಬೇಕು. ಆದ್ದರಿಂದ ಶೀಟಿನ ರಸೀದಿಯನ್ನು ಪಹಣಿಯಷ್ಟೇ ಜೋಪಾನವಾಗಿ ಇಡಬೇಕು. ವಸತಿ ಯೋಜನೆಯ ಮನೆ ಮಂಜೂರಾದಾಗ ಮಾಡಿಗೆ ಏನು ಹೊದಿಸುತ್ತಾರೆಂದು ಗ್ರಾಮಸಭೆಯಲ್ಲೇ ಕೇಳಬೇಕು. ಕುಸಿದ ಮೇಲೆ ಕೇಳಿದವರ ಪಾಡು ಅಬರ್ಡೀನಿನಲ್ಲಿ ಕಾಣುತ್ತಿದೆ.