ಹೂಂ ಎನ್ನುವವರಿಲ್ಲದ ಮಧ್ಯಾಹ್ನ

ಸಮ್ಮೇಳನದ ಕೊನೆಯ ದಿನ ಸಂಜೆ ಠರಾವುಗಳನ್ನು ಓದುವ ಹೊತ್ತಿಗೆ ಮಂಟಪದ ಅರ್ಧದಷ್ಟು ಕುರ್ಚಿಗಳು ಖಾಲಿಯಾಗಿರುತ್ತವೆ. ಉಳಿದ ನಾವು ಕೈಯೆತ್ತಿ ಒಪ್ಪಿಗೆ ಸೂಚಿಸುತ್ತೇವೆ. ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಶಿಕ್ಷಕರನ್ನೇ ನೇಮಿಸಬೇಕು. ಪಠ್ಯಪುಸ್ತಕಗಳು ಶಾಲೆ ತೆರೆಯುವ ದಿನವೇ ಮಕ್ಕಳ ಕೈ ಸೇರಬೇಕು. ಗಡಿನಾಡಿನ ಮಕ್ಕಳಿಗೆ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಾನ ದೊರೆಯಬೇಕು. ಇವೆಲ್ಲವೂ ನ್ಯಾಯವಾದ ಬೇಡಿಕೆಗಳು. ಇಂತಹ ಕೆಲವು ಠರಾವುಗಳ ಕರಡನ್ನು ಸಿದ್ಧಪಡಿಸಿಕೊಟ್ಟವರಲ್ಲಿ ನಾವೂ ಒಬ್ಬರು. ಆದರೆ ಮಧ್ಯಾಹ್ನದ ಊಟವಾದ ಮೇಲೆ ಪ್ರತಿಯೊಬ್ಬ ಕನ್ನಡಿಗನೂ ತನ್ನ ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಕನ್ನಡದಲ್ಲಿ ಒಂದು ಕಥೆ ಹೇಳತಕ್ಕದ್ದು ಎಂಬ ಠರಾವನ್ನು ಯಾವ ಸಮ್ಮೇಳನದಲ್ಲಿಯೂ ಕೇಳಿದ ನೆನಪು ನಮಗಿಲ್ಲ. ಕಾರಣ ಸ್ಪಷ್ಟವಾಗಿದೆ. ಆ ಠರಾವನ್ನು ಸರ್ಕಾರಕ್ಕೆ ಕಳುಹಿಸಲು ಬಾರದು. ಅದನ್ನು ಜಾರಿಗೆ ತರಬೇಕಾದವರು ಕೈಯೆತ್ತಿದವರೇ.

ಇದೇನು ಮುಪ್ಪಿನ ಮುಖ್ಯಾಧ್ಯಾಪಕನೊಬ್ಬನ ಹಳಹಳಿಕೆ ಎಂದು ಓದುಗ ಬಂಧುಗಳು ಪುಟ ಮಗುಚಬಾರದು. ನಮ್ಮ ವಾದ ಒಂದೇ: ಗಡಿನಾಡಿನಲ್ಲಿ ಕನ್ನಡವು ಮೊದಲು ಸೋತದ್ದು ಶಾಲೆಯಲ್ಲಿ ಅಲ್ಲ, ಕಚೇರಿಯಲ್ಲಿ ಅಲ್ಲ, ಪಡಸಾಲೆಯಲ್ಲಿ, ಕೌದಿಯ ಮೇಲೆ, ಮಧ್ಯಾಹ್ನದ ಎರಡು ಗಂಟೆಗೆ ಸೋತಿತು. ಸೋಲಿಸಿದವರು ಹೊರಗಿನವರಲ್ಲ.

ನಮ್ಮ ಅಕ್ಕಲಕೋಟ ಸೀಮೆಯ ಬೇಸಿಗೆಯನ್ನು ಬಲ್ಲವರು ಬಲ್ಲರು. ಬೇಸಿಗೆಯಲ್ಲಿ ಬೆಳಗಿನ ಶಾಲೆ. ಶಾಲೆ ಬಿಟ್ಟು ಮನೆಗೆ ಬಂದು, ರೊಟ್ಟಿ-ಮಜ್ಜಿಗೆಯ ಊಟ ಮುಗಿಸುವಷ್ಟರಲ್ಲಿ ಅಂಗಳದ ಕಲ್ಲು ಕಾದ ಹೆಂಚಾಗಿರುತ್ತಿತ್ತು. ನಮ್ಮ ಮನೆಯವರು ಪಡಸಾಲೆಯ ನೆಲಕ್ಕೆ ನೀರು ಚಿಮುಕಿಸಿ, ಬಾಗಿಲು ಮುಂದೆ ಮಾಡಿ, ಹಳೆಯ ಸೀರೆಗಳ ಕೌದಿಯನ್ನು ಹಾಸುತ್ತಿದ್ದರು. ಹಿರಿಯ ಮಗನಿಗೆ ಆಗ ನಾಲ್ಕೋ ಐದೋ ವರ್ಷ. ಅವನ ನಿದ್ದೆಗೆ ಅವನದೇ ಆದ ಕಟ್ಟಳೆಗಳಿದ್ದವು. ಕೌದಿಯಲ್ಲಿ ಅವನ ಅಜ್ಜಿಯ ಹಸಿರು ಸೀರೆಯ ತುಂಡು ಇದ್ದ ಕಡೆಯೇ ಅವನ ತಲೆ ಬರಬೇಕು. ನಮ್ಮ ಕಿವಿಯ ಹಾಲೆಯನ್ನು ಅವನು ಎರಡು ಬೆರಳಲ್ಲಿ ಹಿಡಿದುಕೊಳ್ಳಬೇಕು. ಆಮೇಲೆ ಕಥೆ. ಕಥೆ ನಡೆಯುವಾಗ ಅವನು ‘ಹೂಂ’ ಎನ್ನಬೇಕು. ಹೂಂ ಎನ್ನದಿದ್ದರೆ ಕಥೆ ನಿಲ್ಲುತ್ತದೆ; ಇದು ನಮ್ಮ ಹಿರಿಯರು ನಮಗೆ ಹಾಕಿದ್ದ ಕರಾರು, ನಾವು ಅವನಿಗೂ ಹಾಕಿದೆವು.

ಪುರಾಣದ ಕಥೆಗಳು ಒಂದು ವಾರದಲ್ಲಿ ತೀರಿದವು. ಕಾಗಕ್ಕ-ಗುಬ್ಬಕ್ಕರ ಕಥೆಯನ್ನು ಎಷ್ಟು ಸಲ ಹೇಳುವುದು? ಅನಿವಾರ್ಯವಾಗಿ ನಾವೇ ಕಥೆ ಕಟ್ಟತೊಡಗಿದೆವು. ಶಾಲೆಯ ಬೇವಿನ ಮರದಲ್ಲಿ ಒಂದು ಓತಿಕ್ಯಾತ. ಅದು ಟಿಕೇಟು ಇಲ್ಲದೆ ಎಸ್.ಟಿ. ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೊರಡುತ್ತದೆ. ಕಂಡಕ್ಟರ ಹತ್ತಿರ ಬಂದರೆ ಆಸನದ ಬಣ್ಣಕ್ಕೆ ತಿರುಗುತ್ತದೆ. ವಳಸಂಗದಲ್ಲಿ ಇಳಿದು ಚಹಾದ ಬಣ್ಣ ತಾಳುತ್ತದೆ. ಸೊಲ್ಲಾಪುರದ ಅಂಗಡಿಯಲ್ಲಿ ಚಾದರದ ಮೇಲೆ ಮಲಗಿ, ಏಳುವಾಗ ಮೈತುಂಬ ಚಾದರದ ಚಿತ್ತಾರ ಹೊತ್ತು ಏಳುತ್ತದೆ. ಸಂಜೆ ಮರಳಿ ಬಂದಾಗ ಅದರ ಅವ್ವ ಗುರುತಿಸುವುದಿಲ್ಲ. “ನೀ ಯಾರಪ್ಪ? ನನ್ನ ಮಗನ ಬಣ್ಣ ಹಿಂಗಿಲ್ಲ” ಎನ್ನುತ್ತಾಳೆ. ಓತಿಕ್ಯಾತ “ಅವ್ವಾ, ಹಸಿವ್ಯಾಗ್ಯದ” ಎನ್ನುತ್ತದೆ. ದನಿ ಕೇಳಿದೊಡನೆ ಅವ್ವ ಬಾಚಿ ಅಪ್ಪಿಕೊಳ್ಳುತ್ತಾಳೆ. ಮಾರನೆಯ ದಿನ ಮಗನ ಮೊದಲ ಪ್ರಶ್ನೆ: “ಅಪ್ಪಾ, ಇವತ್ತ ಅದು ಯಾವ ಬಣ್ಣ ಆಗ್ಯದ?” ಹೀಗೆ ಎರಡು ಬೇಸಿಗೆ ಆ ಓತಿಕ್ಯಾತ ತಿರುಗಾಡಿತು. ನೀತಿ ಹೇಳುವ ಉದ್ದೇಶ ನಮಗಿರಲಿಲ್ಲ. ಮಗು ಮಲಗಿದರೆ ನಾವೂ ಒಂದು ಗಳಿಗೆ ಕಣ್ಣು ಮುಚ್ಚಬಹುದೆಂಬ ಸ್ವಾರ್ಥವಿತ್ತು. ಅವನ ಹೂಂಕಾರ ತೆಳುವಾಗುತ್ತ ಹೋಗಿ, ಕಿವಿಯ ಮೇಲಿನ ಬೆರಳು ಸಡಿಲಾದಾಗ ಆಗುತ್ತಿದ್ದ ನೆಮ್ಮದಿಯನ್ನು ಆ ನಂತರ ಯಾವ ಸನ್ಮಾನದ ಶಾಲು ಕೂಡ ನಮಗೆ ಕೊಟ್ಟಿಲ್ಲ.

ಈಗ ನಮ್ಮ ತಪ್ಪನ್ನು ಹೇಳಬೇಕು. ಮಗಳು ಹುಟ್ಟಿದ್ದು ಆರು ವರ್ಷಗಳ ನಂತರ. ಅಷ್ಟರಲ್ಲಿ ನಾವು ಮುಖ್ಯಾಧ್ಯಾಪಕರಾಗಿದ್ದೆವು; ಮಧ್ಯಾಹ್ನಗಳು ತಖ್ತೆ, ಅಹವಾಲುಗಳಿಗೆ ಮೀಸಲಾದವು. ಅದಕ್ಕಿಂತ ಹೆಚ್ಚಾಗಿ, ಮಗಳು ಹಿಂದೆ ಬೀಳಬಾರದೆಂಬ ಭಯ ನಮ್ಮನ್ನು ಹಿಡಿದಿತ್ತು. ಕೌದಿಯ ಮೇಲೆ ಕಥೆಯ ಬದಲು ಇಂಗ್ಲಿಷ್ ವಾಚಕ ಬಂದಿತು. ಓದಿಸಿ, ಶಬ್ದ ಕೇಳಿ, ತಪ್ಪಿದರೆ ಗದರಿ ಮಲಗಿಸಿದೆವು. ಇಬ್ಬರೂ ಕಲಿತದ್ದು ಒಂದೇ ಕನ್ನಡ ಶಾಲೆಯಲ್ಲಿ, ಓದಿದ್ದು ಬಾಲಭಾರತಿಯ ಅದೇ ಕನ್ನಡ ಪಠ್ಯಪುಸ್ತಕಗಳನ್ನು. ಇಂದು ಹಿರಿಯ ಮಗ ದೂರದ ಊರಿನಲ್ಲಿದ್ದರೂ ಮನೆಯಲ್ಲಿ ಕನ್ನಡವಾಡುತ್ತಾನೆ. ಮಗಳು ಪುಣೆಯಲ್ಲಿದ್ದಾಳೆ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರಿಸುತ್ತಾಳೆ. ಕಳೆದ ಬೇಸಿಗೆಯಲ್ಲಿ ಅವಳ ಮಗಳಿಗೆ ನಾವು ದೂರವಾಣಿಯಲ್ಲಿ ಹಳೆಯ ಕಥೆ ಹೇಳಲು ತೊಡಗಿದಾಗ ಮಗು ಕೇಳಿತು: “ಓತಿಕ್ಯಾತ ಮ್ಹಣಜೆ ಕಾಯ, ಆಜೋಬಾ?” ನಾವು ಅವಳ ತಾಯಿಯನ್ನು ಕೇಳೆಂದೆವು. ತಾಯಿಗೂ ಗೊತ್ತಿರಲಿಲ್ಲ. ಗೊತ್ತಿರುವುದಾದರೂ ಹೇಗೆ? ಆ ಶಬ್ದ ಯಾವ ಪಾಠದಲ್ಲಿಯೂ ಬಂದಿರಲಿಲ್ಲ. ಬರಬೇಕಾಗಿದ್ದ ಜಾಗದಲ್ಲಿ ನಾವು ವಾಚಕವನ್ನಿಟ್ಟಿದ್ದೆವು. ಒಂದು ಮನೆಯ ಅನುಭವ ಸಿದ್ಧಾಂತವಾಗದೆಂಬುದನ್ನು ನಾವು ಬಲ್ಲೆವು. ಆದರೆ ಈ ಲೇಖನವನ್ನು ಓದುತ್ತಿರುವ ಎಷ್ಟು ಮನೆಗಳಲ್ಲಿ ಇದೇ ಅನುಭವವಿದೆ ಎಂಬುದನ್ನು ಓದುಗರೇ ಎಣಿಸಿಕೊಳ್ಳಲಿ.

ನಮ್ಮ ಮಾತಿಗೆ ಬರಬಹುದಾದ ಆಕ್ಷೇಪಗಳನ್ನು ನಾವು ಊಹಿಸಬಲ್ಲೆವು. ಮೊದಲನೆಯದು: ಸರ್ಕಾರ ತನ್ನ ಕರ್ತವ್ಯ ಮಾಡದಿರುವಾಗ ತಾಯಿ-ತಂದೆಯರನ್ನು ದೂರುವುದೇಕೆ? ಸರ್ಕಾರದ ಕರ್ತವ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಭಾಷಾವಾರು ಪ್ರಾಂತಗಳಾದ 1956ರಲ್ಲಿಯೇ ಸಂವಿಧಾನಕ್ಕೆ 350-ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸುವ ಹೊಣೆಯನ್ನು ರಾಜ್ಯಗಳ ಮೇಲೆ ಹೊರಿಸಲಾಯಿತು. ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. ಆದರೆ ಆ ವಿಧಿಯಲ್ಲಿರುವ ‘ಮಾತೃಭಾಷೆ’ ಎಂಬ ಪದವನ್ನು ಗಮನಿಸಬೇಕು. ಶಾಲೆಗೆ ಬರುವ ಮುನ್ನವೇ ಮಗುವಿಗೆ ಅದು ಬಂದಿರುತ್ತದೆ ಎಂಬುದು ಅಲ್ಲಿಯ ನಂಬಿಕೆ. ಒಂದನೆಯ ಇಯತ್ತೆಗೆ ಬಂದು ನಿಂತ ಮಗುವಿಗೆ ಕನ್ನಡವೇ ಬಾರದಿದ್ದರೆ 350-ಎ ಕಾಪಾಡುವುದು ಏನನ್ನು? 1967ರ ಮಹಾಜನ ವರದಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ನಾವು, ಮೊಮ್ಮಕ್ಕಳಿಗೆ ಹತ್ತು ನಿಮಿಷದ ಕಥೆ ಹೇಳಲಾರದವರಾದೆವು. ಗಡಿ ಎಲ್ಲಿಗೆ ಸರಿದರೂ ಈ ಲೋಪ ಸರಿಯಾಗದು.

ಎರಡನೆಯ ಆಕ್ಷೇಪ: ಕನ್ನಡದ ಕಥೆ ಕೇಳುತ್ತ ಮಲಗಿದರೆ ಹೊಟ್ಟೆ ತುಂಬೀತೇ? ಮರಾಠಿ ಬೇಕು, ಇಂಗ್ಲಿಷ್ ಬೇಕು. ಬೇಕು, ನಿಜ. ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು 2020ರಲ್ಲಿ ಬಂದಿತು. ಇಲ್ಲಿ ಬಾಳುವವರು ಮರಾಠಿಯನ್ನು ಚೆನ್ನಾಗಿಯೇ ಕಲಿಯಬೇಕು. ನಮಗೆ ಮರಾಠಿಯ ಮೇಲೆ ದ್ವೇಷವಿಲ್ಲ. ‘ಶ್ಯಾಮಚಿ ಆಯಿ’ಯನ್ನು ನಾಸಿಕದ ಸೆರೆಮನೆಯಲ್ಲಿ ಕುಳಿತು ಬರೆದ ಸಾನೆ ಗುರೂಜಿಯವರಿಗೆ ತಾಯಿಯ ಮಾತೆಂದರೇನೆಂಬುದು ಗೊತ್ತಿತ್ತು, ನೆರೆಹೊರೆಯ ಮರಾಠಿ ಮನೆಗಳಿಗೂ ಅದು ಗೊತ್ತಿದೆ. ಮೂರು ದಶಕಗಳಿಗೂ ಮೀರಿದ ನಮ್ಮ ಶಿಕ್ಷಕ ವೃತ್ತಿಯಲ್ಲಿ ಕಂಡ ಮಾತು ಇದು: ಮನೆಯಲ್ಲಿ ಕಥೆ ಕೇಳಿ ಬೆಳೆದ ಮಗು ಮರಾಠಿ ನಿಬಂಧವನ್ನೂ ಸರಾಗವಾಗಿ ಬರೆಯುತ್ತಿತ್ತು. ಮೊದಲು ಏನಾಯಿತು, ಅದರಿಂದ ಮುಂದೇನಾಯಿತು, ಹಾಗಾಗದಿದ್ದರೆ ಏನಾಗುತ್ತಿತ್ತು ಎಂಬ ಮಾತಿನ ಜೋಡಣೆ ಅದಕ್ಕೆ ಕೌದಿಯ ಮೇಲೆಯೇ ಬಂದಿರುತ್ತಿತ್ತು. ಒಂದು ಭಾಷೆಯಲ್ಲಿ ಕಥೆ ಹೇಳಬಲ್ಲ ಮಗುವಿಗೆ ಇನ್ನೊಂದು ಭಾಷೆಯಲ್ಲಿ ಬೇಕಾಗುವುದು ಶಬ್ದಗಳು ಮಾತ್ರ. ಯಾವ ಭಾಷೆಯಲ್ಲಿಯೂ ಕಥೆ ಹೇಳಲಾರದ ಮಗುವಿಗೆ ಎಲ್ಲವನ್ನೂ ಕಲಿಸಬೇಕಾಗುತ್ತದೆ.

ಮೂರನೆಯ ಆಕ್ಷೇಪ ಇಂದಿನದು. ಮೊಬೈಲಿನಲ್ಲಿ ಬೇಕಾದಷ್ಟು ಕನ್ನಡ ಕಥೆಗಳಿವೆ, ಬಣ್ಣಬಣ್ಣದ ಚಿತ್ರಗಳೊಡನೆ. ಹಚ್ಚಿ ಕೊಟ್ಟರೆ ಸಾಲದೇ? ಸಾಲದು. ಮೊಬೈಲು ಹೂಂಕಾರಕ್ಕೆ ಕಾಯುವುದಿಲ್ಲ. ಮಗು ಹೂಂ ಎಂದರೂ ಕಥೆ ನಡೆಯುತ್ತದೆ, ಎನ್ನದಿದ್ದರೂ ನಡೆಯುತ್ತದೆ, ಮಲಗಿದರೂ ನಡೆಯುತ್ತದೆ. “ಇವತ್ತ ಯಾವ ಬಣ್ಣ?” ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಕಟ್ಟಿದ ಕಥೆಯಲ್ಲಿ ಮಗು ಅರ್ಧ ಪಾಲುದಾರ. ಅದು ಬೇಡವೆಂದರೆ ಹುಲಿ ಸಾಯುವುದಿಲ್ಲ, ಬೇಕೆಂದರೆ ಬಸ್ಸು ಹಾರುತ್ತದೆ. ಭಾಷೆ ತನ್ನ ಮಾತು ಕೇಳುತ್ತದೆ ಎಂಬ ಧೈರ್ಯ ಮಗುವಿಗೆ ಬರುವುದು ಅಲ್ಲಿ. ಯಂತ್ರದಲ್ಲಿ ಬರುವ ಕನ್ನಡವನ್ನು ಮಗು ಕೇಳುತ್ತದೆ, ಆಡುವುದಿಲ್ಲ. ಕೇಳಿ ಆಡದ ಭಾಷೆಯ ಗತಿ ಏನೆಂಬುದಕ್ಕೆ ನಮ್ಮ ಮಗಳ ಉದಾಹರಣೆ ಸಾಕು.

ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡದ ಜನಪದ ಕಥೆಗಳಲ್ಲಿ ಒಂದು ಹೀಗಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಬರುತ್ತಿದ್ದವು. ಅವಳು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೆ ಉಸಿರುಗಟ್ಟಿದ ಅವು ಒಂದು ದಿನ ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದವು. ಕಥೆ ಒಂದು ಜೊತೆ ಪಾದರಕ್ಷೆಯಾಗಿ ಬಾಗಿಲಲ್ಲಿ ಕುಳಿತಿತು. ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ತೂಗಿತು. ಗಂಡ ಬಂದು ನೋಡಿ, ಮನೆಗೆ ಬಂದವರು ಯಾರೆಂದು ಕೇಳಿದ. ಅವಳಿಗೇನು ಗೊತ್ತು? ಜಗಳವಾಗಿ ಅವನು ಹನುಮಂತನ ಗುಡಿಗೆ ಹೋಗಿ ಮಲಗಿದ. ಅಲ್ಲಿ ಸೇರಿದ್ದ ಊರ ದೀಪಗಳ ಮಾತಿನಿಂದ ಅವನಿಗೆ ನಿಜ ತಿಳಿಯಿತು. ಮನೆಗೆ ಬಂದು ಆ ಕಥೆ, ಆ ಹಾಡು ಯಾವುವೆಂದು ಕೇಳಿದರೆ ಅವಳಿಗೆ ಎರಡೂ ಮರೆತು ಹೋಗಿದ್ದವು.

ಬಂಧುಗಳೇ, ಗಡಿನಾಡಿನ ನಮ್ಮ ಮನೆಗಳ ಬಾಗಿಲಲ್ಲಿಯೂ ಇಂದು ಪರಕೀಯ ಪಾದರಕ್ಷೆಗಳಿವೆ. ಯಾರದು, ಯಾರದು ಎಂದು ನಾವು ಕೂಗಾಡುತ್ತಿದ್ದೇವೆ. ಮರಾಠಿಯದೆಂದು ಒಬ್ಬರು, ಇಂಗ್ಲಿಷಿನದೆಂದು ಇನ್ನೊಬ್ಬರು, ಮೊಬೈಲಿನದೆಂದು ಮತ್ತೊಬ್ಬರು. ಅವು ನಾವು ಹೇಳದೆ ಉಳಿಸಿಕೊಂಡ ಕಥೆಗಳೇ ಎಂಬುದನ್ನು ಒಪ್ಪುವ ಧೈರ್ಯ ನಮಗೆ ಬೇಕಾಗಿದೆ. ಅದೂ ಬೇಗ ಬೇಕು. ಏಕೆಂದರೆ ಆ ಹೆಂಗಸಿನಂತೆ ನಾವೂ ಮರೆಯತೊಡಗಿದ್ದೇವೆ.

ಆದುದರಿಂದ ನಮ್ಮ ಬೇಡಿಕೆ ಸಂಘದ ಮುಂದಿದೆ. ಮುಂದಿನ ಸಮ್ಮೇಳನದಲ್ಲಿ ಒಂದು ಗೋಷ್ಠಿಯನ್ನು ಕಡಿಮೆ ಮಾಡಿ, ಊಟದ ನಂತರದ ಹೊತ್ತನ್ನು ಮಕ್ಕಳಿಗೆ ಬಿಟ್ಟುಕೊಡಲಿ. ವೇದಿಕೆ ಬೇಡ, ಧ್ವನಿವರ್ಧಕ ಬೇಡ. ಜಮಖಾನೆ ಹಾಸಿದರೆ ಸಾಕು. ಅಧ್ಯಕ್ಷರೂ ಪದಾಧಿಕಾರಿಗಳೂ ತಮ್ಮ ತಮ್ಮ ಮೊಮ್ಮಕ್ಕಳನ್ನು ಕರೆತಂದು, ತಾವೇ ಕಟ್ಟಿದ ಒಂದೊಂದು ಕಥೆಯನ್ನು ಹೇಳಲಿ. ಕಥೆ ಚೆನ್ನಾಗಿರಬೇಕೆಂಬ ನಿಯಮವಿಲ್ಲ. ಕರೆತರಲು ಹಿಂಜರಿಯುವವರು ಏಕೆ ಹಿಂಜರಿಯುತ್ತಾರೆಂಬುದನ್ನು ತಮ್ಮೊಳಗೆ ತಾವೇ ಕೇಳಿಕೊಳ್ಳಲಿ.

ನಾವಂತೂ ಹಿಂಜರಿಯಬಾರದೆಂದು ನಿಶ್ಚಯಿಸಿದ್ದೇವೆ. ಮೊಮ್ಮಗಳು ಈ ಬೇಸಿಗೆಗೆ ಊರಿಗೆ ಬರಲಿದ್ದಾಳೆ. ಬೇವಿನ ಮರ ಇನ್ನೂ ಇದೆ. ಅದರ ಬೊಡ್ಡೆಯ ಮೇಲಿನ ಓತಿಕ್ಯಾತವನ್ನು ಮೊದಲು ಕಣ್ಣಾರೆ ತೋರಿಸಬೇಕು. ಆಮೇಲೆ ಕೌದಿ ಹಾಸಿ ಅವಳನ್ನೂ, ಅವಳ ತಾಯಿಯನ್ನೂ ಮಗ್ಗುಲಿಗೆ ಕರೆಯಬೇಕು. ಮೊದಮೊದಲು ಮರಾಠಿಯಲ್ಲಿ ಪ್ರಶ್ನೆ ಕೇಳಿದರೆ ಕೇಳಲಿ. ಹೂಂ ಎನ್ನಲು ಕಲಿತರೆ ಸಾಕು. ಉಳಿದದ್ದನ್ನು ಓತಿಕ್ಯಾತ ಕಲಿಸುತ್ತದೆ.