ಗೋಡೆ ಬೇಕೆಂದವರು ಭಕ್ತರೇ

ಡಲ್ಲಾಸ್, ನ್ಯಾಶ್‌ವಿಲ್, ಷಾರ್ಲಟ್ ಕಡೆ ಕೆಲಸ ಸಿಕ್ಕಿ ಹೋದ ನಮ್ಮ ಹುಡುಗರು ಮೊದಲ ವರ್ಷದ ಅನುಭವ ಹೇಳಲು ಕೂತರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಪಕ್ಕದ ಮನೆಯವರು ಬಾಗಿಲು ತಟ್ಟಿ, ಕೈಗೊಂದು ಕೇಕ್ ಕೊಟ್ಟು, ಹೆಸರು, ಕೆಲಸ, ಮಕ್ಕಳ ವಯಸ್ಸು ವಿಚಾರಿಸಿ ಕೊನೆಗೆ ಕೇಳುತ್ತಾರೆ: ‘ಯಾವ ಚರ್ಚಿಗೆ ಹೋಗ್ತೀರಿ?’ ಹೋಗುತ್ತಾರೆಂಬುದರಲ್ಲಿ ಅವರಿಗೆ ಅನುಮಾನವೇ ಇಲ್ಲ. ಹೊಸದಾಗಿ ಹೋದವರಿಗೆ ಇದು ಮತಾಂತರದ ಮೊದಲ ಹೆಜ್ಜೆಯಂತೆ ಕೇಳಿಸಬಹುದು. ಬಹುಪಾಲು ಸಲ ಹಾಗೇನೂ ಇರುವುದಿಲ್ಲ. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರು ‘ಯಾವ ಕಡೆಯವರಾಯ್ತು?’ ಎಂದು ಮಾತಿಗೆಳೆಯುವ ಹಾಗೆ ಅದು. ಈ ಮನೆಯವರಿಗೆ ಕಷ್ಟ ಬಂದರೆ ಯಾರಿಗೆ ಸುದ್ದಿ ಮುಟ್ಟಿಸಬೇಕು ಎಂಬ ಲೆಕ್ಕವೂ ಅದರೊಳಗಿದೆ.

ಅಮೆರಿಕದ ಧರ್ಮ ಮತ್ತು ರಾಜಕಾರಣದ ಬಗ್ಗೆ ನಮಗೆ ಸಿಗುವ ಸುದ್ದಿಯೆಲ್ಲ ಚುನಾವಣೆಯ ಕಾಲದ್ದು. ಟ್ರಂಪ್ ಬೈಬಲ್ ಹಿಡಿದು ನಿಂತ ಚಿತ್ರ, ಗರ್ಭಪಾತದ ತೀರ್ಪು, ಟಿವಿಯಲ್ಲಿ ಕೂಗಾಡುವ ಪಾಸ್ಟರ್. ಇಷ್ಟನ್ನೇ ನೋಡಿದರೆ ಅಲ್ಲಿನ ಸಂಪ್ರದಾಯಸ್ಥ ಊರುಗಳು ಅರ್ಥವಾಗುವುದಿಲ್ಲ. ಮತಪೆಟ್ಟಿಗೆಗೆ ಬರುವ ಮೊದಲು ಅಲ್ಲಿನ ಅಡುಗೆಮನೆಗೆ ಹೋಗಬೇಕು.

ಅಮೆರಿಕದ ದಕ್ಷಿಣ ಭಾಗಕ್ಕೆ ‘ಬೈಬಲ್ ಬೆಲ್ಟ್’ ಎಂಬ ಹೆಸರಿದೆ. ಅಲ್ಲಿನ ಸಣ್ಣ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಆ ಮನೆಯವರು ಕೆಲವು ದಿನ ಒಲೆ ಹಚ್ಚಬೇಕಾಗಿಲ್ಲ. ಚರ್ಚಿನ ಹೆಂಗಸರು ಸರದಿಯ ಪಟ್ಟಿ ಮಾಡಿಕೊಂಡು ಊಟ ತರುತ್ತಾರೆ. ಹೆಚ್ಚಾಗಿ ಕ್ಯಾಸರೋಲ್, ಅಂದರೆ ಆಲೂಗಡ್ಡೆ, ಚೀಸ್, ಕೋಳಿಮಾಂಸ ಇವನ್ನೆಲ್ಲ ಒಂದೇ ಪಾತ್ರೆಯಲ್ಲಿ ಹಾಕಿ ಒವನ್‌ನಲ್ಲಿ ಬೇಯಿಸುವ ಅಡುಗೆ. ಪಾತ್ರೆಯ ತಳಕ್ಕೆ ಅಂಟಿಸಿದ ಟೇಪಿನ ಮೇಲೆ ತಂದವರ ಹೆಸರಿರುತ್ತದೆ, ತೊಳೆದು ಹಿಂದಿರುಗಿಸಲು ಅನುಕೂಲವಾಗಲೆಂದು. ಸಾವಿನ ಮನೆಗೆ ನೆರೆಯವರು ಅನ್ನ ಸಾರು ಕಳಿಸುವುದನ್ನು ಕಂಡು ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹೆರಿಗೆಯಾದರೂ ಊಟ ಬರುತ್ತದೆ, ಆಪರೇಷನ್ ಆದರೂ ಬರುತ್ತದೆ. ಕೆಲಸ ಹೋದರೆ ಬಾಡಿಗೆಗೆ ಸಹಾಯ, ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ನೆಲೆ, ಹಸಿದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ದಿನಸಿ. ಬುಧವಾರ ಸಂಜೆ ಚರ್ಚಿನಲ್ಲಿ ಊಟ ಮತ್ತು ಬೈಬಲ್ ಪಾಠ ಇರುವುದರಿಂದ ಅಂದು ಹೋಮ್‌ವರ್ಕ್ ಕಡಿಮೆ ಕೊಡುವ, ಆಟದ ಪಂದ್ಯ ಇಡದ ಶಾಲೆಗಳಿವೆ. ಹಾಗೆಂದು ಯಾವ ಕಾನೂನೂ ಹೇಳಿಲ್ಲ, ಊರಿನ ರೂಢಿ ಅಷ್ಟೆ.

ಸಂಪ್ರದಾಯಸ್ಥ ಅಮೆರಿಕನ್ನರು ‘ಸರ್ಕಾರ ಚಿಕ್ಕದಾಗಿರಲಿ’ ಎಂದಾಗ ಅವರ ಕಣ್ಣ ಮುಂದಿರುವುದು ಈ ಏರ್ಪಾಡು. ಬಡವರಿಗೆ ಸಹಾಯವೇ ಬೇಡ ಎಂದು ಅವರಲ್ಲಿ ಬಹಳ ಜನ ಹೇಳುವುದಿಲ್ಲ. ಅದನ್ನು ಗುರುತಿರುವ ಜನ ಮಾಡಲಿ, ಕಚೇರಿಯ ಗುಮಾಸ್ತ ಬೇಡ ಎನ್ನುತ್ತಾರೆ. ಇದರ ಅತ್ಯಂತ ವ್ಯವಸ್ಥಿತ ರೂಪ ಯೂಟಾ ರಾಜ್ಯದ ಮಾರ್ಮನ್ ಚರ್ಚಿನಲ್ಲಿದೆ. ಸದಸ್ಯರು ಆದಾಯದ ಹತ್ತರಲ್ಲೊಂದು ಪಾಲು ಕೊಡುತ್ತಾರೆ. ತಿಂಗಳ ಮೊದಲ ಭಾನುವಾರ ಉಪವಾಸವಿದ್ದು, ಉಳಿದ ಊಟದ ಹಣವನ್ನು ಬಡವರಿಗೆಂದು ತೆಗೆದಿಡುತ್ತಾರೆ. ಆ ಚರ್ಚಿನ ಉಗ್ರಾಣಗಳಲ್ಲಿ ಕಪಾಟಿನ ತುಂಬ ಸಾಮಾನಿದ್ದರೂ ದುಡ್ಡು ಕಟ್ಟುವ ಕೌಂಟರ್ ಇಲ್ಲ. ಸ್ಥಳೀಯ ಮುಖ್ಯಸ್ಥರ ಚೀಟಿ ತಂದವರಿಗೆ ಸಾಮಾನು ಸಿಗುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಊಟ ತಂದುಕೊಡುವ ಕೈಯೇ ನಿಮ್ಮ ನಡತೆಯನ್ನೂ ತೂಗುತ್ತದೆ. ವಿಚ್ಛೇದನ ಪಡೆದವಳು, ಮದುವೆಯಾಗದೆ ಬಸಿರಾದವಳು, ತಾನು ಸಲಿಂಗಿ ಎಂದು ಹೇಳಿಕೊಂಡ ಹುಡುಗ ಇವರಿಗೆ ಅದೇ ಊರು ಇಕ್ಕಟ್ಟಾಗುತ್ತದೆ. ಆಸರೆಯೆಲ್ಲ ಒಂದೇ ಸೂರಿನಡಿ ಇದ್ದಾಗ ಆ ಸೂರಿನಿಂದ ಹೊರಬಿದ್ದವರು ನಂಬಿಕೆಯ ಜೊತೆಗೆ ನೆಂಟರು, ಕೆಲಸ, ಮಕ್ಕಳ ಗೆಳೆಯರು ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಸಂಪ್ರದಾಯಸ್ಥ ಊರುಗಳ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ಅವುಗಳ ಔದಾರ್ಯ ನಿಜ, ಆದರೆ ಅದಕ್ಕೊಂದು ಬೇಲಿಯಿದೆ.

ರೂಢಿ ಕಾನೂನೂ ಆಗುತ್ತದೆ. ಟೆನೆಸ್ಸಿ ರಾಜ್ಯದ ಲಿಂಚ್‌ಬರ್ಗ್‌ನಲ್ಲಿ ಜಗತ್ಪ್ರಸಿದ್ಧ ಜ್ಯಾಕ್ ಡೇನಿಯಲ್ಸ್ ವಿಸ್ಕಿ ತಯಾರಾಗುತ್ತದೆ. ಆ ಊರಿರುವ ಮೂರ್ ಕೌಂಟಿಯೋ ದಶಕಗಳಿಂದ ‘ಡ್ರೈ’, ಅಂದರೆ ಪಾನನಿಷೇಧದ ಪ್ರದೇಶ. ಪ್ರವಾಸಿಗರಿಗೆ ನೆನಪಿನ ಬಾಟಲಿ ಮಾರುವುದಕ್ಕೂ ಪ್ರತ್ಯೇಕ ಅನುಮತಿ ಬೇಕಾಯಿತು. ದೇಶದ ಪಾನನಿಷೇಧ 1933ರಲ್ಲೇ ಮುಗಿಯಿತು. ಆದರೆ ಹೆಂಡದಂಗಡಿ ಬೇಕೋ ಬೇಡವೋ ಎಂದು ಕೌಂಟಿಯ ಜನರೇ ಮತ ಹಾಕಿ ತೀರ್ಮಾನಿಸುವ ಪದ್ಧತಿ ಹಲವು ರಾಜ್ಯಗಳಲ್ಲಿ ಉಳಿದಿದೆ. ಇನ್ನು ನ್ಯೂಜೆರ್ಸಿಯ ಬರ್ಗನ್ ಕೌಂಟಿಯಲ್ಲಿ ಭಾನುವಾರ ಬಟ್ಟೆ, ಪೀಠೋಪಕರಣ, ಎಲೆಕ್ಟ್ರಾನಿಕ್ ಸಾಮಾನು ಮಾರುವಂತಿಲ್ಲ. ಅಲ್ಲಿನ ದೊಡ್ಡ ದೊಡ್ಡ ಮಾಲ್‌ಗಳು ಅಂದು ಬಾಗಿಲು ಹಾಕುತ್ತವೆ. ನ್ಯೂಜೆರ್ಸಿ ಡೆಮಾಕ್ರಟರ ರಾಜ್ಯ. ಆದರೂ 1993ರಲ್ಲಿ ಜನಮತ ಕೇಳಿದಾಗ ಕೌಂಟಿಯ ಜನ ಈ ನಿಷೇಧವನ್ನು ಉಳಿಸಿಕೊಂಡರು. ವಾರಕ್ಕೊಂದು ದಿನವಾದರೂ ರಸ್ತೆಯಲ್ಲಿ ಕಾರುಗಳ ಕಾಟ ತಪ್ಪುತ್ತದಲ್ಲ ಎಂಬ ಸಮಾಧಾನ ಅವರದು. ದೇವರ ಹೆಸರಿನಲ್ಲಿ ಹುಟ್ಟಿದ ನಿಯಮ ಅನುಕೂಲದ ಹೆಸರಿನಲ್ಲಿ ಬದುಕುತ್ತಿದೆ.

ಹಾಗಾದರೆ ಭಕ್ತಿಯುಳ್ಳವರೆಲ್ಲ ರಿಪಬ್ಲಿಕನ್ನರೇ? ಇಲ್ಲಿಯೇ ನಮ್ಮಲ್ಲಿ ಹೆಚ್ಚಿನವರು ಎಡವುವುದು. ಅಮೆರಿಕದಲ್ಲಿ ದೇವರನ್ನು ಅತ್ಯಂತ ಗಾಢವಾಗಿ ನಂಬುವ ಸಮುದಾಯಗಳಲ್ಲಿ ಕರಿಯರದೂ ಒಂದು. ಅವರ ಮತ ಬಹುಪಾಲು ಡೆಮಾಕ್ರಟರಿಗೆ. ಮಾರ್ಟಿನ್ ಲೂಥರ್ ಕಿಂಗ್ ಬೋಧಿಸುತ್ತಿದ್ದ ಅಟ್ಲಾಂಟಾದ ಎಬೆನೀಜರ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ರಫೇಲ್ ವಾರ್ನಾಕ್ 2021ರಿಂದ ಜಾರ್ಜಿಯಾದ ಡೆಮಾಕ್ರಟ್ ಸೆನೆಟರ್. ಅದೇ ಬೈಬಲ್, ಅದೇ ಬ್ಯಾಪ್ಟಿಸ್ಟ್ ಹೆಸರು, ಮತ ಮಾತ್ರ ಬೇರೆ. ಕಾರಣ ಇತಿಹಾಸದಲ್ಲಿದೆ. ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಎಂಬ ದೊಡ್ಡ ಪಂಗಡ 1845ರಲ್ಲಿ ಉತ್ತರದವರಿಂದ ಸಿಡಿದು ಬೇರೆಯಾದದ್ದೇ ಗುಲಾಮರನ್ನು ಇಟ್ಟುಕೊಳ್ಳುವ ವಿಚಾರದಲ್ಲಿ. ಅದಕ್ಕಾಗಿ ಆ ಪಂಗಡ ಕ್ಷಮೆ ಕೇಳಿದ್ದು 1995ರಲ್ಲಿ, ನೂರೈವತ್ತು ವರ್ಷದ ನಂತರ.

ಬಿಳಿಯ ಇವ್ಯಾಂಜೆಲಿಕಲ್ ಕ್ರೈಸ್ತರು, ಅಂದರೆ ಬೈಬಲ್ಲನ್ನೇ ಪರಮ ಪ್ರಮಾಣವೆನ್ನುವ ಪ್ರಾಟೆಸ್ಟೆಂಟರು, ರಿಪಬ್ಲಿಕನ್ ಪಕ್ಷವೊಂದರ ಬೆನ್ನಿಗೇ ನಿಂತದ್ದು ಅನಾದಿ ಕಾಲದ ಮಾತೇನಲ್ಲ. ಎಲ್ಲ ನಡೆದದ್ದು ಕಳೆದ ಐವತ್ತು ವರ್ಷಗಳಲ್ಲಿ. ಸುಪ್ರೀಂ ಕೋರ್ಟ್ 1962 ಮತ್ತು 1963ರಲ್ಲಿ ಸರ್ಕಾರಿ ಶಾಲೆಗಳು ಪ್ರಾರ್ಥನೆ ಮಾಡಿಸುವುದು, ಬೈಬಲ್ ಓದಿಸುವುದು ತಪ್ಪೆಂದಿತು. ಜನ ನೊಂದುಕೊಂಡರು, ಆದರೆ ಪಕ್ಷ ಬದಲಿಸಲಿಲ್ಲ. ವರ್ಜೀನಿಯಾದ ಲಿಂಚ್‌ಬರ್ಗ್‌ನ (ವಿಸ್ಕಿಯ ಊರಲ್ಲ, ಇದು ಬೇರೆ) ಪಾಸ್ಟರ್ ಜೆರ್ರಿ ಫಾಲ್ವೆಲ್ 1965ರಲ್ಲಿ, ಕಿಂಗ್ ಅವರ ಮೆರವಣಿಗೆಗಳನ್ನು ಆಕ್ಷೇಪಿಸುತ್ತ, ಪಾದ್ರಿಯ ಕೆಲಸ ಆತ್ಮಗಳನ್ನು ಉಳಿಸುವುದು, ರಾಜಕೀಯ ಅವನದಲ್ಲ ಎಂದು ಬೋಧಿಸಿದ್ದರು. ಅದೇ ಫಾಲ್ವೆಲ್ 1979ರಲ್ಲಿ ‘ಮಾರಲ್ ಮೆಜಾರಿಟಿ’ ಎಂಬ ರಾಜಕೀಯ ಸಂಘಟನೆ ಕಟ್ಟಿದರು.

ನಡುವಿನ ಹದಿನಾಲ್ಕು ವರ್ಷಗಳಲ್ಲಿ ಏನಾಯಿತು? ಗರ್ಭಪಾತಕ್ಕೆ ದೇಶಾದ್ಯಂತ ಹಕ್ಕು ಕೊಟ್ಟ 1973ರ ತೀರ್ಪೇ ಕಾರಣ ಎಂಬುದು ರೂಢಿಯ ಉತ್ತರ. ಅದು ಪೂರ್ತಿ ಸರಿಯಲ್ಲ. ಸದರ್ನ್ ಬ್ಯಾಪ್ಟಿಸ್ಟರೇ 1971ರ ನಿರ್ಣಯವೊಂದರಲ್ಲಿ ಅತ್ಯಾಚಾರ, ಭ್ರೂಣದ ತೀವ್ರ ಊನ, ತಾಯಿಯ ಆರೋಗ್ಯಕ್ಕೆ ಅಪಾಯ ಇಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶ ಇರಲಿ ಎಂದಿದ್ದರು. ಆಗ ಅದನ್ನು ಕ್ಯಾಥೊಲಿಕರ ವಿಷಯ ಎಂದೇ ಕಾಣಲಾಗುತ್ತಿತ್ತು. ಇತಿಹಾಸಕಾರ ರ್‍ಯಾಂಡಲ್ ಬಾಮರ್ ಬೇರೊಂದು ಕಡೆ ಬೆರಳು ತೋರಿಸುತ್ತಾರೆ. ಶಾಲೆಗಳಲ್ಲಿ ಕರಿಯ ಬಿಳಿಯ ಮಕ್ಕಳು ಒಟ್ಟಿಗೆ ಓದಬೇಕೆಂದಾದ ಮೇಲೆ ದಕ್ಷಿಣದಲ್ಲಿ ಬಿಳಿಯರ ಖಾಸಗಿ ಕ್ರೈಸ್ತ ಶಾಲೆಗಳು ಸಾಲುಸಾಲಾಗಿ ಹುಟ್ಟಿದವು. ಜನಾಂಗಭೇದ ಮಾಡುವ ಸಂಸ್ಥೆಗೆ ತೆರಿಗೆ ವಿನಾಯಿತಿ ಇಲ್ಲ ಎಂದು ಸರ್ಕಾರ ಪಟ್ಟು ಹಿಡಿಯಿತು. ದಕ್ಷಿಣ ಕೆರೊಲಿನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯ 1976ರಲ್ಲಿ ಆ ವಿನಾಯಿತಿ ಕಳೆದುಕೊಂಡಿತು. ಪಾಸ್ಟರುಗಳನ್ನು ಮೊದಲು ಬೀದಿಗೆ ತಂದದ್ದು ಈ ಸಿಟ್ಟು. ಗರ್ಭಪಾತದ ವಿಷಯ ಆಮೇಲೆ ಸೇರಿತು ಎಂಬುದು ಬಾಮರ್ ವಾದ. ಇದನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ಭ್ರೂಣದ ಜೀವದ ಬಗ್ಗೆ ಮರುಗುವ ಸಾಮಾನ್ಯ ಭಕ್ತರ ಪ್ರಾಮಾಣಿಕತೆಯನ್ನು ನಾನೂ ಅನುಮಾನಿಸುವುದಿಲ್ಲ. ಆದರೆ ಮುಂದಾಳುಗಳ ಲೆಕ್ಕಾಚಾರದಲ್ಲಿ ಶಾಲೆ, ತೆರಿಗೆ, ಬಣ್ಣ ಮೂರೂ ಇದ್ದವು ಎಂಬುದನ್ನು ತಳ್ಳಿಹಾಕಲಾಗದು.

ಈ ಬದಲಾವಣೆಯಲ್ಲಿ ಒಬ್ಬ ವ್ಯಕ್ತಿಗೆ ಆದ ಅನ್ಯಾಯ ನನ್ನನ್ನು ಬಹಳ ಕಾಡಿದೆ. 1976ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ಡೆಮಾಕ್ರಟ್ ಜಿಮ್ಮಿ ಕಾರ್ಟರ್ ಜಾರ್ಜಿಯಾದ ಪ್ಲೇನ್ಸ್ ಎಂಬ ಹಳ್ಳಿಯವರು, ಕಡಲೆಕಾಯಿ ಬೆಳೆಗಾರರು, ತಮ್ಮ ನಂಬಿಕೆಯನ್ನು ಎಲ್ಲರೆದುರು ಹೇಳಿಕೊಂಡ ಸದರ್ನ್ ಬ್ಯಾಪ್ಟಿಸ್ಟ್. ನಾಲ್ಕು ವರ್ಷಗಳ ನಂತರ ಅದೇ ಭಕ್ತವರ್ಗ, ವಿಚ್ಛೇದನ ಪಡೆದು ಮರುಮದುವೆಯಾಗಿದ್ದ, ಚರ್ಚಿಗೆ ಹೋಗುವುದೇ ಅಪರೂಪವಾಗಿದ್ದ ಹಾಲಿವುಡ್‌ನ ಮಾಜಿ ನಟ, ರಿಪಬ್ಲಿಕನ್ ಅಭ್ಯರ್ಥಿ ರೇಗನ್ ಅವರ ಹಿಂದೆ ಹೋಯಿತು. ಕಾರ್ಟರ್ ಊರಿಗೆ ಮರಳಿ ಮತ್ತೆ ಭಾನುವಾರದ ಬೈಬಲ್ ಪಾಠ ಹೇಳತೊಡಗಿದರು. ತೊಂಬತ್ತು ದಾಟಿದ ಮೇಲೂ ಹೇಳಿದರು. ಅದನ್ನು ಕೇಳಲು ದೇಶದ ಮೂಲೆಮೂಲೆಯಿಂದ ಬಂದವರು ಬೆಳಗಿನ ಕತ್ತಲಲ್ಲೇ ಮರನಾಥ ಬ್ಯಾಪ್ಟಿಸ್ಟ್ ಚರ್ಚಿನ ಅಂಗಳದಲ್ಲಿ ಸಾಲು ನಿಲ್ಲುತ್ತಿದ್ದರು. ಹೆಂಗಸರಿಗೆ ಪಾದ್ರಿಯಾಗಲು ಅವಕಾಶವಿಲ್ಲ ಎಂಬ ನಿಲುವನ್ನು ಒಪ್ಪದೆ 2000ದಲ್ಲಿ ಕಾರ್ಟರ್ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್‌ನಿಂದ ಹೊರಬಂದರು. 2024ರ ಡಿಸೆಂಬರ್‌ನಲ್ಲಿ, ನೂರರ ವಯಸ್ಸಿನಲ್ಲಿ, ಅದೇ ಹಳ್ಳಿಯಲ್ಲಿ ತೀರಿಕೊಂಡರು.

ಇವತ್ತಿನ ಮಾತಿಗೆ ಬರೋಣ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನು ಹಿಂತೆಗೆದುಕೊಂಡು ವಿಷಯವನ್ನು ರಾಜ್ಯಗಳಿಗೆ ಬಿಟ್ಟಿತು. ದಕ್ಷಿಣದ ಹಲವು ರಾಜ್ಯಗಳಲ್ಲಿ ಈಗ ಅದು ಹೆಚ್ಚುಕಡಿಮೆ ಪೂರ್ತಿ ನಿಷಿದ್ಧ. ವಾಯವ್ಯದ ಐಡಾಹೊ ರಾಜ್ಯದ ಸ್ಯಾಂಡ್‌ಪಾಯಿಂಟ್ ಎಂಬ ಸಣ್ಣ ಊರಿನ ಆಸ್ಪತ್ರೆ 2023ರಲ್ಲಿ ಹೆರಿಗೆ ವಿಭಾಗವನ್ನೇ ಮುಚ್ಚಿತು. ವೈದ್ಯರು ಊರು ಬಿಡುತ್ತಿದ್ದಾರೆ, ಕಾನೂನು ಅವರನ್ನು ಅಪರಾಧಿಗಳನ್ನಾಗಿ ಮಾಡುತ್ತಿದೆ ಎಂಬುದು ಆಸ್ಪತ್ರೆ ಕೊಟ್ಟ ಕಾರಣಗಳಲ್ಲೊಂದು. ಮಗು ಬೇಕೆಂದು ಬಯಸಿದ ತಾಯಂದಿರೂ ಈಗ ದೂರದ ಊರಿಗೆ ಹೋಗಬೇಕು. ಹಾಗೆಂದು ಸಂಪ್ರದಾಯಸ್ಥ ಮತದಾರರು ಹೇಳಿದ್ದಕ್ಕೆಲ್ಲ ತಲೆಯಾಡಿಸುವವರಲ್ಲ. ಟ್ರಂಪ್ ಸಲೀಸಾಗಿ ಗೆದ್ದಿದ್ದ ಕ್ಯಾನ್ಸಸ್‌ನಲ್ಲಿ, ತೀರ್ಪು ಬಂದ ಎರಡೇ ತಿಂಗಳೊಳಗೆ, ಗರ್ಭಪಾತದ ಹಕ್ಕನ್ನು ರಾಜ್ಯ ಸಂವಿಧಾನದಿಂದ ತೆಗೆಯುವ ಪ್ರಸ್ತಾವವನ್ನು ಸುಮಾರು ಶೇ. 59 ಜನ ತಿರಸ್ಕರಿಸಿದರು.

ಇಷ್ಟೆಲ್ಲ ಗೆಲುವಿನ ನಡುವೆ ಚರ್ಚುಗಳು ಮಾತ್ರ ಬರಿದಾಗುತ್ತಿವೆ. ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ 2007ರಲ್ಲಿ ತಮ್ಮನ್ನು ಕ್ರೈಸ್ತರೆಂದು ಹೇಳಿಕೊಂಡ ವಯಸ್ಕರು ಶೇ. 78, 2023-24ರಲ್ಲಿ ಶೇ. 62. ಯಾವ ಧರ್ಮಕ್ಕೂ ಸೇರಿಲ್ಲ ಎನ್ನುವವರು ಶೇ. 16ರಿಂದ 29ಕ್ಕೆ ಏರಿದ್ದಾರೆ. ಸದರ್ನ್ ಬ್ಯಾಪ್ಟಿಸ್ಟರು ಒಂದು ಕೋಟಿ ಅರವತ್ತು ಲಕ್ಷ ದಾಟಿದ್ದವರು ಒಂದು ಕೋಟಿ ಮೂವತ್ತು ಲಕ್ಷಕ್ಕಿಂತ ಕೆಳಗಿಳಿದಿದ್ದಾರೆ. ಇದಕ್ಕೆ ಕಾರಣ ಹಲವು. ಆದರೆ ಸಮಾಜಶಾಸ್ತ್ರಜ್ಞರಾದ ಮೈಕೆಲ್ ಹೌಟ್ ಮತ್ತು ಕ್ಲಾಡ್ ಫಿಶರ್ 2002ರಲ್ಲೇ ಒಂದು ಕಾರಣ ಗುರುತಿಸಿದ್ದರು: ಧರ್ಮ ಎಂದರೆ ಒಂದು ಪಕ್ಷ ಎಂದಾದಾಗ, ಆ ಪಕ್ಷ ಬೇಡವಾದವರು ಧರ್ಮದ ಗುರುತನ್ನೂ ಬಿಟ್ಟುಬಿಡುತ್ತಾರೆ. ನಷ್ಟ ಚರ್ಚಿನದಷ್ಟೇ ಅಲ್ಲ. ಚರ್ಚ್ ಮುಚ್ಚಿದ ಊರಿನಲ್ಲಿ ಊಟದ ಸರದಿಯ ಪಟ್ಟಿ ಬರೆಯುವವರು ಯಾರು? ಸರ್ಕಾರ ಚಿಕ್ಕದಾಗಿರಲಿ ಎಂದು ಮತ ಹಾಕಿದ ಊರಿಗೆ ಸರ್ಕಾರವೂ ಬರುವುದಿಲ್ಲ.

ನಮ್ಮವರಿಗೂ ಇದು ದೂರದ ಜಗಳವಲ್ಲ. ಅಮೆರಿಕದ ದೇವಸ್ಥಾನಗಳು ನಡೆಯುವುದು ಚರ್ಚಿಗಿರುವ ತೆರಿಗೆ ವಿನಾಯಿತಿಯಲ್ಲೇ. ಮಕ್ಕಳ ಬಾಲವಿಹಾರ ಭಾನುವಾರ ನಡೆಯುವುದೂ ಚರ್ಚಿನ ಸಂಡೇ ಸ್ಕೂಲಿನ ಮಾದರಿಯಲ್ಲೇ. ಸರ್ಕಾರ ಯಾವ ಧರ್ಮವನ್ನೂ ತನ್ನದೆನ್ನಬಾರದು, ಯಾರ ಆಚರಣೆಗೂ ಅಡ್ಡಿ ಬರಬಾರದು ಎಂಬ, ಅಮೆರಿಕ ಸಂವಿಧಾನದ 1791ರ ಮೊದಲ ತಿದ್ದುಪಡಿಯೇ ಅವುಗಳಿಗೂ ರಕ್ಷೆ. ಈಗ ಲೂಯಿಸಿಯಾನಾ 2024ರಲ್ಲಿ, ಟೆಕ್ಸಸ್ 2025ರಲ್ಲಿ, ಸರ್ಕಾರಿ ಶಾಲೆಯ ಪ್ರತಿ ಕೊಠಡಿಯಲ್ಲೂ ಬೈಬಲ್ಲಿನ ಹತ್ತು ಕಟ್ಟಳೆಗಳನ್ನು ತೂಗುಹಾಕಬೇಕೆಂದು ಕಾನೂನು ಮಾಡಿವೆ. ಡಲ್ಲಾಸ್ ಸುತ್ತಮುತ್ತಲಿನ ಶಾಲೆಗಳಲ್ಲಿ ಕನ್ನಡದ ಮನೆಗಳ ಮಕ್ಕಳೂ ಕೂತಿದ್ದಾರೆ. ಲೂಯಿಸಿಯಾನಾದ ಕಾನೂನಿನ ವಿರುದ್ಧ ಮೊಕದ್ದಮೆ ಹೂಡಿದವರಲ್ಲಿ ಪಾದ್ರಿಗಳೂ ಇದ್ದಾರೆ ಎಂಬುದನ್ನು ಗಮನಿಸಬೇಕು.

ಅವರೇನೂ ಹೊಸದನ್ನು ಕೇಳುತ್ತಿಲ್ಲ. 1801ರಲ್ಲಿ ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರು ಅಧ್ಯಕ್ಷ ಥಾಮಸ್ ಜೆಫರ್ಸನ್‌ಗೆ ಒಂದು ಪತ್ರ ಬರೆದರು. ಅಲ್ಲಿ ಸರ್ಕಾರ ಪೋಷಿಸುತ್ತಿದ್ದದ್ದು ಕಾಂಗ್ರಿಗೇಷನಲ್ ಚರ್ಚನ್ನು. ಅದರ ತೆರಿಗೆಯಿಂದ ತಪ್ಪಿಸಿಕೊಳ್ಳಬೇಕಾದರೆ ಬೇರೆ ಪಂಗಡದವರು ಪ್ರಮಾಣಪತ್ರ ಹಿಡಿದು ಅಲೆಯಬೇಕಿತ್ತು. 1802ರ ಜನವರಿ 1ರಂದು ಜೆಫರ್ಸನ್ ಅವರಿಗೆ ಬರೆದ ಉತ್ತರದಲ್ಲೇ ಚರ್ಚು ಮತ್ತು ಸರ್ಕಾರದ ನಡುವಣ ಗೋಡೆ ಎಂಬ, ಮುಂದೆ ಪ್ರಸಿದ್ಧವಾದ ಮಾತು ಬಂದದ್ದು. ಕನೆಕ್ಟಿಕಟ್‌ನಲ್ಲಿ ಸರ್ಕಾರಿ ಚರ್ಚಿನ ಪದ್ಧತಿ ಕೊನೆಗೊಂಡದ್ದು 1818ರಲ್ಲಿ. ಅದು ಹೋಗಲಿ ಎಂದು ಹೋರಾಡಿದವರ ಮುಂಚೂಣಿಯಲ್ಲಿ ಬ್ಯಾಪ್ಟಿಸ್ಟರಿದ್ದರು.